ನೀಲಿ ಆಪು, ಹಳದಿ ಆಪು

ಸಾಬಣ್ಣನ ಅಂಗಿಯಿಂದ ಸಿಗರೇಟಿನ ವಾಸನೆ ಬರುತ್ತಿತ್ತು. ಬಾಲಾನಗರದಲ್ಲಿ ಮೆಟ್ರೋ ಹತ್ತಿ, ಶನಿವಾರ ಮಧ್ಯಾಹ್ನದ ಗದ್ದಲದಲ್ಲಿ ಇಬ್ಬರೂ ಒಂದೇ ಕಂಬಿ ಹಿಡಿದು ಭುಜಕ್ಕೆ ಭುಜ ತಾಗಿಸಿ ನಿಂತ ಮೇಲೆ ಅದು ವಿಜಯಕುಮಾರನ ಮೂಗಿಗೆ ಇನ್ನಷ್ಟು ಹತ್ತಿರವಾಯಿತು. ತಣ್ಣನೆಯ ಗಾಳಿಯಲ್ಲಿ ಯಾರದೋ ಮಲ್ಲಿಗೆ, ಯಾರದೋ ಬೆವರು, ಯಾರೋ ಕಟ್ಟಿಸಿಕೊಂಡು ಹೊರಟ ಮಿರ್ಚಿಯ ಎಣ್ಣೆ, ಇವೆಲ್ಲದರ ಅಡಿಯಲ್ಲಿ ಆ ಒಂದು ವಾಸನೆ ಮಾತ್ರ ತನ್ನನ್ನೇ ಹುಡುಕಿಕೊಂಡು ಬರುತ್ತಿದೆ ಎನ್ನಿಸಿ, ಯಾರಿಗೂ ತಿಳಿಯದಂತೆ ಉಸಿರನ್ನು ಸ್ವಲ್ಪ ಉದ್ದಕ್ಕೆ ಎಳೆದುಕೊಂಡ. ಹಿತವಾಗಿತ್ತು. ಹಿತವಾಯಿತಲ್ಲ ಎಂದೇ ನಾಚಿಕೆಯೂ ಆಯಿತು. ಆ ಸಿಗರೇಟನ್ನು ಕಾರ್ಖಾನೆಯ ಗೇಟಿನೆದುರಿನ ಡಬ್ಬಾ ಅಂಗಡಿಯಲ್ಲಿ ಬಿಡಿಯಾಗಿ ಕೊಂಡವನು ತಾನು. ಸೇದಿದವನು ಸಾಬಣ್ಣ. ಈಗ ಇಬ್ಬರೂ ಹೊರಟಿರುವುದು ದಿಲ್‌ಸುಖ್‌ನಗರದ ಆಫೀಸಿಗೆ, ಸೇದುವುದನ್ನು ಬಿಟ್ಟಿದ್ದೇವೆಂದು ಒಂದು ಯಂತ್ರದೊಳಗೆ ಊದಿ ತೋರಿಸಲಿಕ್ಕೆ.

ಸಾಬಣ್ಣ ಕಿಟಕಿಯ ಕಡೆ ಮುಖ ಮಾಡಿದ್ದ. ಮೂಸಾಪೇಟೆ ದಾಟಿತು, ಭರತನಗರದ ಹಳೆಯ ರೈಲು ಹಳಿಗಳು ಕೆಳಗೆ ಸರಿದುಹೋದವು. ಅವನು ಒಮ್ಮೆ ಬೈದಿದ್ದರೆ, ಯಾಕೋ ಮಾರಾಯ ಹಿಂಗ ಮಾಡಿದಿ ಎಂದು ಕೇಳಿದ್ದರೆ ಒಳ್ಳೆಯದಿತ್ತು. ವಿಜಯಕುಮಾರ ಅದಕ್ಕೆ ಉತ್ತರವನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದ. ಕೇಳದೆ ಇದ್ದುದರಿಂದ ಆ ಉತ್ತರ ಬಾಯಲ್ಲಿ ಹಾಗೇ ಹಳಸತೊಡಗಿತ್ತು.

"ಭಾಳ ಗದ್ದಲ ಐತಿ ಇವತ್ತ," ಅಂದ.

"ಹೂಂ," ಅಂದ ಸಾಬಣ್ಣ. ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸಿದ.

ಕಳೆದ ಮಳೆಗಾಲದಲ್ಲಿ ಇದೇ ರೈಲಿನಲ್ಲಿ, ಇದೇ ಆಫೀಸಿನಿಂದ ಮೊದಲ ಸಲ ಮರಳುವಾಗ ಇಬ್ಬರೂ ಶಾಲೆಯ ಹುಡುಗರಂತೆ ಫೋನು ಹೊರಗೆ ತೆಗೆದು ಪಕ್ಕಪಕ್ಕ ಹಿಡಿದು ನೋಡಿದ್ದರು. ಹಾಗೆ ನೋಡಬಾರದೆಂದು ಅಲ್ಲಿಯ ಹುಡುಗಿ ಶರ್ವರಿ ಬಿಡಿಸಿ ಹೇಳಿದ್ದಳು. ಸಿಗರೇಟು ಬಿಡಿಸುವ ಎರಡು ಆಪುಗಳಲ್ಲಿ ಯಾವುದರಿಂದ ಹೆಚ್ಚು ಜನ ಬಿಡುತ್ತಾರೆಂದು ತಿಳಿಯುವುದೇ ಅವರ ಕೆಲಸ. ಯಾರಿಗೆ ಯಾವುದು ಎನ್ನುವುದನ್ನು ಕಂಪ್ಯೂಟರು ಚೀಟಿ ಎತ್ತಿದ ಹಾಗೆ ತಾನೇ ಆರಿಸುತ್ತದೆ. ಒಬ್ಬರದನ್ನು ಇನ್ನೊಬ್ಬರು ನೋಡಿದರೆ ಹೋಲಿಕೆ ಕೆಡುತ್ತದೆ. ವಿಜಯಕುಮಾರನಿಗೆ ನೀಲಿ ಬಂದಿತ್ತು, ಸಾಬಣ್ಣನಿಗೆ ಹಳದಿ. ಹಳದಿ ಆಪು ಮನೆಯ ಹಿರಿಯನ ಹಾಗೆ ಬುದ್ಧಿ ಹೇಳುತ್ತಿತ್ತು: ನೀರು ಕುಡಿಯಿರಿ, ಲವಂಗ ಬಾಯಿಗೆ ಹಾಕಿಕೊಳ್ಳಿ, ಸೇದುವವರ ಜೊತೆ ನಿಲ್ಲಬೇಡಿ, ಸೇದುತ್ತಿದ್ದ ಜಾಗಕ್ಕೆ ಹೋಗಬೇಡಿ. ದಿನಕ್ಕೊಮ್ಮೆ 'ಇವತ್ತು ಸೇದಿದಿರಾ' ಎಂದು ಕೇಳುತ್ತಿತ್ತು. ನೀಲಿಯದೂ ಅದೇ ಪ್ರಶ್ನೆ, ಆದರೆ ಬುದ್ಧಿಮಾತಿಲ್ಲ. ಒಬ್ಬ ಹೆಂಗಸಿನ ದನಿ, ಬೆಂಗಳೂರಿನ ಕಡೆಯ ಕನ್ನಡ: ಬಯಕೆ ಬಂದಾಗ ಅದನ್ನು ಓಡಿಸಬೇಡಿ. ಕಣ್ಣು ಮುಚ್ಚಿ. ಅದು ದೇಹದ ಯಾವ ಭಾಗದಲ್ಲಿದೆ ಎಂದು ಗಮನಿಸಿ. ಅದಕ್ಕೊಂದು ಆಕಾರವಿದೆಯೇ? ಬಣ್ಣವಿದೆಯೇ? ಬರಲಿ, ಇರಲಿ, ಹೋಗಲಿ. ಸಾಬಣ್ಣ ಅದನ್ನು ಕಿವಿಗೆ ಹಿಡಿದು ಕೇಳಿ, "ನಿನ್ನ ಆಪಿನಾಕಿ ಪುಸ್ತಕದ ಮಾತಾಡ್ತಾಳಲ್ಲೋ ವಿಜ್ಯಾ," ಎಂದು ಬೋಗಿಯಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ನಕ್ಕಿದ್ದ.

ಬಿಡಬೇಕೆಂದು ವಿಜಯಕುಮಾರನಿಗೆ ಅನಿಸಿದ್ದು ಯಾವ ಭಾಷಣದಿಂದಲೂ ಅಲ್ಲ. ಮಗಳು ಪಿಂಕಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಟ್ಯೂಷನ್ನಿಗೆ ಬಿಡುತ್ತಿದ್ದಾಗ ಸಿಗ್ನಲ್ಲಿನಲ್ಲಿ ಪಕ್ಕದ ಅಂಗಡಿಯ ಗಾಜಿನಲ್ಲಿ ಇಬ್ಬರ ಬಿಂಬವೂ ಬಿದ್ದಿತ್ತು. ಅವಳು ಅಪ್ಪನ ಬೆನ್ನಿನಿಂದ ಆದಷ್ಟು ಹಿಂದಕ್ಕೆ ಸರಿದು, ಕತ್ತು ಹೊರಳಿಸಿ, ಕೆನ್ನೆಯುಬ್ಬಿಸಿ ಉಸಿರು ಹಿಡಿದು ಕೂತಿದ್ದಳು. ಗಾಡಿ ಹೊರಟು ಗಾಳಿ ಬೀಸಿದ ಮೇಲೆ ಉಸಿರು ಬಿಟ್ಟಳು. ಅದು ಅವಳಿಗೆ ರೂಢಿಯಾಗಿಹೋಗಿತ್ತು, ಅಪ್ಪನ ಮೇಲಿನ ಸಿಟ್ಟೇನೂ ಅದರಲ್ಲಿ ಇರಲಿಲ್ಲ. ಹೆಂಡತಿ ಅಹಲ್ಯಾ ಅವನ ದಿಂಬಿನ ಚೀಲವನ್ನು ಬೇರೆಯಾಗಿ ಒಗೆಯುವುದೂ ಅಂಥದೇ ರೂಢಿ. ಇಬ್ಬರೂ ಅದನ್ನೊಂದು ಮಾತಾಗಿ ಆಡಿರಲಿಲ್ಲ. ಆಡಿದ್ದರೆ ಜಗಳವಾಡಬಹುದಿತ್ತು. ಕ್ಯಾಂಟೀನಿನಲ್ಲಿ ಶರ್ವರಿಯ ಕಡೆಯವರು ಬಂದು ಹೆಸರು ಬರೆಸಿ ಎಂದಾಗ ವಿಜಯಕುಮಾರ ಮೊದಲು ಬರೆಸಿದ. ಸಾಬಣ್ಣ, "ನೀ ಬರಸಿದ್ರ ನಾನೂ ಬರಸ್ತೀನಿ, ಒಬ್ಬನ ಏನ್ ಮಾಡ್ಲಿ ಗ್ವಾಡಿ ಹಿಂದ ನಿಂತು," ಎಂದು ಅವನ ಕೆಳಗೆ ಬರೆಸಿದ.

ಗೋಡೆ ಎಂದರೆ ಕಾರ್ಖಾನೆಯ ಹಿಂದಿನ ಕಂಪೌಂಡು. ಸಾಬಣ್ಣ ಕಬ್ಬಿಣ ಕಡೆಯುವ ಲೇಥ್ ಶೆಡ್ಡಿನಿಂದ ಅಲ್ಲಿಗೆ ಹೋಗಲು ಗುಜರಿಯ ರಾಶಿ ದಾಟಿ, ನೀರಿನ ಟಾಕಿ ಸುತ್ತಿಕೊಂಡು ಸಾಕಷ್ಟು ದೂರ ನಡೆಯಬೇಕು. ಬೇವಿನ ಗಿಡದ ನೆರಳು ಮಧ್ಯಾಹ್ನದ ಹೊತ್ತಿಗೆ ಸರಿಯಾಗಿ ಅಲ್ಲಿಗೆ ಬರುತ್ತದೆ. ಊಟ ಬೇಗ ಮುಗಿಸಿ ಇಬ್ಬರೂ ಅಲ್ಲಿ ಹೋಗಿ ನಿಲ್ಲುತ್ತಿದ್ದರು; ಒಂದು ಸಿಗರೇಟು, ಅರ್ಧ ಅವನಿಗೆ, ಅರ್ಧ ಇವನಿಗೆ. ಮೊದಲರ್ಧ ಯಾರದು ಎನ್ನುವುದರ ಮೇಲೆ ದಿನಾ ಒಂದು ಸುಳ್ಳು ಜಗಳ. ಶೆಡ್ಡಿನೊಳಗೆ ತೆಲುಗು, ಇಲ್ಲವೇ ಹಿಂದಿ. ಫೋರ್‌ಮನ್ನಿನ ಮುಂದೆ ಒಂದು, ಬಿಹಾರದ ಹುಡುಗರ ಜೊತೆ ಇನ್ನೊಂದು. ಗೋಡೆಯ ಹಿಂದೆ ಮಾತ್ರ ಕನ್ನಡ. ಊರಿಗೆ ಹೋಗುವ ಗುರುಮಿಠಕಲ್ ಬಸ್ಸಿನ ಕಂಡಕ್ಟರನ ಬಗ್ಗೆ, ಸಾಬಣ್ಣನ ಅತ್ತೆಯ ಕಿವುಡಿನ ಬಗ್ಗೆ, ತೂಕ ಕಡಿಮೆ ಹಾಕುವ ಗ್ಯಾಸಿನವನ ಬಗ್ಗೆ ಆಡಿದ ಆ ಮಾತುಗಳಲ್ಲಿ ಒಂದಾದರೂ ನೆನಪಿಡುವಂಥದ್ದಲ್ಲ. ನೀಲಿ ಆಪಿನ ಹೆಂಗಸು ಹೇಳಿದಂತೆ ಕಣ್ಣು ಮುಚ್ಚಿ ಬಯಕೆಯನ್ನು ಹುಡುಕುತ್ತ ಹೋದಾಗ ವಿಜಯಕುಮಾರನಿಗೆ ಮೊದಲು ಸಿಕ್ಕಿದ್ದು ಗಂಟಲಿನ ಕೆಳಗೆ ಒಂದು ಬಿಗಿ. ಅದನ್ನು ನೋಡುತ್ತ ಕೂತರೆ ಅದು ಸಡಿಲವಾಗಿ, ಅದರ ಹಿಂದಿನಿಂದ ಬೇವಿನ ನೆರಳು ಬರುತ್ತಿತ್ತು, ಗೋಡೆ ಬರುತ್ತಿತ್ತು, "ಇನ್ನ ಸಾಕು ತಾರೋ, ಪೂರಾ ನೀನ ಎಳದೆಲ್ಲ," ಎನ್ನುವ ದನಿ ಬರುತ್ತಿತ್ತು. ಹೊಗೆ ಅದರಲ್ಲೆಲ್ಲೂ ಇರಲಿಲ್ಲ. ಇದನ್ನು ಕಂಡ ದಿನ ಅವನಿಗೆ ಹೆದರಿಕೆಯಾಯಿತು. ತಪಾಸಣೆ ವಿಭಾಗದಲ್ಲಿ ಕೂತು ಬೆಳಗಿನಿಂದ ಸಂಜೆಯ ತನಕ ಕಬ್ಬಿಣದ ತುಂಡುಗಳನ್ನು ಅಳೆದು ಇದು ಸರಿ, ಇದು ತಪ್ಪು ಎಂದು ಎರಡು ಡಬ್ಬಿಗಳಿಗೆ ಹಾಕುವವನು ಅವನು. ತನ್ನೊಳಗಿನದನ್ನು ಯಾವ ಡಬ್ಬಿಗೆ ಹಾಕಬೇಕೋ ತಿಳಿಯದೆ ಫೋನು ಮುಚ್ಚಿಟ್ಟಿದ್ದ.

ಸಿಗರೇಟು ಬಿಟ್ಟುಹೋಯಿತು. ಬಿಡುವುದು ಇಷ್ಟು ಸುಲಭವೇ ಎಂದು ಅವನಿಗೇ ಆಶ್ಚರ್ಯ. ಆದರೆ ಬಿಟ್ಟ ಮೇಲೂ ಮಧ್ಯಾಹ್ನದ ಹೊತ್ತಿಗೆ ಕಾಲು ಗೋಡೆಯ ಕಡೆಗೇ ಎಳೆಯುತ್ತಿತ್ತು. ಹೋಗಿ ನಿಂತ. ಸಾಬಣ್ಣ ಬರಲಿಲ್ಲ. ಮರುದಿನವೂ ಬರಲಿಲ್ಲ. ಶೆಡ್ಡಿನ ಬಾಗಿಲಲ್ಲಿ ಇಣುಕಿದರೆ ಸಾಬಣ್ಣ ತನ್ನ ಲೇಥಿನ ಪಕ್ಕ ಬೋರಲು ಹಾಕಿದ ಕ್ರೇಟಿನ ಮೇಲೆ ಬೆನ್ನು ತಿರುಗಿಸಿ ಕೂತಿದ್ದ. ಸೇದುತ್ತಿದ್ದ ಜಾಗಕ್ಕೆ ಹೋಗಬೇಡಿ, ಸೇದುವವರ ಜೊತೆ ನಿಲ್ಲಬೇಡಿ: ಹಳದಿ ಆಪಿನ ಮಾತನ್ನು ಅವನು ಚಾಚೂ ತಪ್ಪದೆ ಪಾಲಿಸುತ್ತಿದ್ದಾನೆ ಎಂದು ವಿಜಯಕುಮಾರ ಲೆಕ್ಕ ಹಾಕಿದ. ಹಾಗಾದರೆ ಆ ಆಪಿನ ಕಣ್ಣಲ್ಲಿ ತಾನು ಹರಿದು ಬಿಸಾಡಬೇಕಾದ ಸಿಗರೇಟಿನ ಪ್ಯಾಕೆಟ್ಟಿಗೆ ಸಮ. ಅಂದಿನಿಂದ ಅವನಿಗೆ ಎರಡು ಆಪುಗಳ ಹೋಲಿಕೆ ಶರ್ವರಿಯ ಆಫೀಸಿನ ವಿಷಯವಾಗಿ ಉಳಿಯಲಿಲ್ಲ. ದಾರಿಯಲ್ಲಿ ಸಿಕ್ಕಾಗ ಸಾಬಣ್ಣ "ಹೆಂಗೈತಿ ನಿನ್ನ ನೀಲಿ? ನಂದು ಚಲೋ ನಡದೈತಿ ನೋಡು," ಎಂದು ನಕ್ಕರೆ ಆ ನಗುವಿನಲ್ಲಿ ಗೆದ್ದವನ ಕೊಬ್ಬು ಕಾಣುತ್ತಿತ್ತು. ಒಮ್ಮೆಯಾದರೂ ಅವನು ಸೋಲಲಿ ಎಂದು ಆಸೆಯಾಗುತ್ತಿತ್ತು. ಒಂದು ದಿನ ಸಾಬಣ್ಣನ ಕೈಯಿಂದ ಬಂದ ಒಂದು ಬುಷ್ಷನ್ನು, ಉಂಗುರದಂಥ ಕಬ್ಬಿಣದ ತುಂಡನ್ನು, ಕೂದಲೆಳೆಯ ವ್ಯತ್ಯಾಸಕ್ಕೆ ತಪ್ಪಿನ ಡಬ್ಬಿಗೆ ಹಾಕಿದ. ಬೇರೆಯವರದಾಗಿದ್ದರೆ, ಹಿಂದಿನ ವರ್ಷವಾಗಿದ್ದರೆ, ಬಿಡುತ್ತಿದ್ದ. ಸಾಬಣ್ಣ ಏನೂ ಅನ್ನದೆ ಇನ್ನೊಂದು ಮಾಡಿ ಕಳಿಸಿದ್ದ.

ಇವತ್ತು ಅರ್ಧ ದಿನದ ಶಿಫ್ಟು. ಕೈತೊಳೆದುಕೊಂಡು ಹೊರಟ ವಿಜಯಕುಮಾರ ಡಬ್ಬಾ ಅಂಗಡಿಯ ಮುಂದೆ ಯಾಕೆ ನಿಂತನೋ. ಕೈ ತಾನೇ ಚಾಚಿತು. ಅಂಗಡಿಯವನು ಏನೂ ಕೇಳದೆ ಹಳೆಯ ಬ್ರ್ಯಾಂಡನ್ನೇ ಕೊಟ್ಟ. ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಮತ್ತೆ ಒಳಗೆ ಹೋಗಿ, ಶೆಡ್ಡಿನ ಬಾಗಿಲಲ್ಲಿ ನಿಂತು, "ಸಾಬಣ್ಣ, ಗ್ವಾಡಿ ಕಡೆ ಬಾರೋ," ಎಂದು ಕರೆದ. ಸಾಬಣ್ಣ ತಲೆಯೆತ್ತಿ ನೋಡಿ, ಚಿಂದಿಯಲ್ಲಿ ಕೈ ಒರೆಸಿಕೊಂಡು, "ಬಂದೆ ನಡಿ," ಅಂದ. ಅವನ ಮುಖ ಅರಳಿತೆಂದು ವಿಜಯಕುಮಾರನಿಗೆ ಆಗ ಅನಿಸಿರಲಿಲ್ಲ. ಈಗ, ಅಮೀರ್‌ಪೇಟೆಯಲ್ಲಿ ಜನ ಒತ್ತಿಕೊಂಡು ಒಳಗೆ ಬಂದು ಸಾಬಣ್ಣನ ಮೊಣಕೈ ತನ್ನ ಪಕ್ಕೆಗೆ ಒತ್ತುತ್ತಿರುವಾಗ, ಅನಿಸಿತು. ಸಾಬಣ್ಣ ಗೋಡೆಯ ಹತ್ತಿರ ತಡವಾಗಿ ಬಂದಿದ್ದ. ಟಾಕಿಯ ಹತ್ತಿರ ಒಮ್ಮೆ ನಿಂತು ಮೇಲೆ ಕಾಗೆಯನ್ನೋ ಏನನ್ನೋ ನೋಡಿದ್ದ. ವಿಜಯಕುಮಾರ ಸಿಗರೇಟು ಹೊರಗೆ ತೆಗೆದಾಗ ಅದನ್ನೂ, ಅವನ ಮುಖವನ್ನೂ ನೋಡಿ, "ಒಂದ ಏನು? ಅರ್ಧ ಅರ್ಧ ಹಂಗಾರ," ಎಂದ. ಹೊತ್ತಿಸಿದ. ಎಳೆದ. ಕಣ್ಣು ಮುಚ್ಚಿದ. ಆಮೇಲೆ ಹಿಂದಿನಂತೆಯೇ, ಬೆಂಕಿಯ ತುದಿಯನ್ನು ತನ್ನ ಅಂಗೈಯ ಕಡೆ ತಿರುಗಿಸಿಕೊಂಡು, ಇವನ ಕಡೆ ಚಾಚಿದ.

ಆಗ ವಿಜಯಕುಮಾರ ಅದನ್ನು ತೆಗೆದುಕೊಳ್ಳಬೇಕಿತ್ತು. ತೆಗೆದುಕೊಳ್ಳಲೆಂದೇ ಕೊಂಡದ್ದು. ಆದರೆ ಗಂಟಲಿನ ಕೆಳಗಿನ ಬಿಗಿ ಬಂತು, ರೂಢಿಯಂತೆ ಅವನು ಅದನ್ನು ನೋಡಿದ, ನೋಡಿದ್ದೇ ತಡ ಅದು ಹೋಯಿತು. "ಬ್ಯಾಡ," ಅಂದ. ಸಾಬಣ್ಣನ ಚಾಚಿದ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಅವನು ಸಿಟ್ಟಾಗಲಿಲ್ಲ. ಮದುವೆಯ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಇನ್ನೂ ಬಡಿಸದಿರುವಾಗಲೇ ಉಣ್ಣತೊಡಗಿದವನ ಹಾಗೆ ಒಮ್ಮೆ ಅತ್ತಿತ್ತ ನೋಡಿ, ಇನ್ನೆರಡು ಸಲ ಎಳೆದು, ಉಳಿದರ್ಧವನ್ನು ಗೋಡೆಗೆ ಒರೆಸಿ ಆರಿಸಿದ. "ನಡಿ, ತಡಾ ಆಕ್ಕೈತಿ," ಅಂದ. ಅಷ್ಟೇ.

ದಿಲ್‌ಸುಖ್‌ನಗರದಲ್ಲಿ ಇಳಿದು ಜನರ ನಡುವೆ ದಾರಿ ಮಾಡಿಕೊಂಡು ಆಫೀಸಿನ ಕಟ್ಟಡದ ಕೆಳಗೆ ಬಂದಾಗ ಮೆಟ್ಟಿಲ ತುಂಬ ಕೋಚಿಂಗಿನ ಹುಡುಗ ಹುಡುಗಿಯರು. ಲಿಫ್ಟು ಕೆಟ್ಟಿತ್ತು. ಸಾಬಣ್ಣ ಮೆಟ್ಟಿಲ ಕಂಬಿ ಹಿಡಿದು ಮೇಲೆ ನೋಡಿ, "ನೀ ನಡಿ ಮುಂದ. ನಾ ಬರ್ತೀನಿ," ಅಂದ. ಊದುವುದನ್ನು ತಡ ಮಾಡುತ್ತಿದ್ದಾನೆ ಎಂದುಕೊಂಡ ವಿಜಯಕುಮಾರ, ಒಬ್ಬನೇ ಹತ್ತಿಹೋದ.

ಶರ್ವರಿಯದು ಅಜ್ಜ ಮುತ್ತಜ್ಜರ ಕಾಲದಿಂದ ಇಲ್ಲಿಯ ಸರಕಾರಿ ನೌಕರಿಯಲ್ಲಿದ್ದ ಮನೆತನ. ಅವಳ ಕನ್ನಡ ಮೆತ್ತಗೆ, ನಡುನಡುವೆ ಉರ್ದು. ಕೊಳವೆಯಿದ್ದ ಸಣ್ಣ ಯಂತ್ರವನ್ನು ಅವನ ಕೈಗೆ ಕೊಟ್ಟು, ಉಸಿರು ಹಿಡಿಯಲು ಹೇಳಿ, ಆಮೇಲೆ ನಿಧಾನವಾಗಿ ಪೂರ್ತಿ ಊದಿಸಿದಳು. ಪರದೆಯ ಮೇಲಿನ ಅಂಕಿ ನೋಡಿ ಅವಳ ಮುಖವೆಲ್ಲ ನಗು.

"ಶಾಭಾಸ್ ರೀ ವಿಜಯಕುಮಾರ್! ಒಂದೂ ಸೇದಿಲ್ಲ ನೀವು. ಭಾಳ ಖುಷಿ ಆತು ನೋಡ್ರಿ. ಆಪಿನೊಳಗ ನಿಮಗ ಯಾವುದು ಉಪಯೋಗಕ್ಕ ಬಂತು, ಹೇಳ್ರಿ?"

"ಅದು ನೋಡೂದು ಐತೆಲ್ರಿ. ಕಣ್ಣ ಮುಚ್ಚಿ ನೋಡೂದು."

"ನೋಡಿದ್ರ ಏನ್ ಕಾಣಸ್ತದ್ರಿ?"

ಕಾಣುವುದು ಬೇವಿನ ನೆರಳು, ಸಾಬಣ್ಣನ ದನಿ ಎಂದು ಹೇಳುವುದು ಹೇಗೆ? ಅವನಿಗೆ ಅವಮಾನವಾದಂತಾಯಿತು. ಅವಳು ಕುತೂಹಲದಿಂದ ಕೇಳಿದ್ದಳು, ಅದೇ ಹೆಚ್ಚು ನೋಯಿಸಿತು. "ಏನಿಲ್ರಿ. ಹೋಗ್ತೈತಿ," ಎಂದು ಎದ್ದು ಹೊರಗೆ ಬಂದು ಬೆಂಚಿನ ಮೇಲೆ ಕೂತ. ಆಗಷ್ಟೇ ಮೆಟ್ಟಿಲು ಮುಗಿಸಿದ ಸಾಬಣ್ಣ, ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತ ಅವನ ಮುಂದೆ ಹಾದು ಒಳಗೆ ಹೋದ. ನಡುವೆ ಇದ್ದದ್ದು ಪ್ಲೈವುಡ್ಡಿನ ಗೋಡೆ. ಆಚೆಯ ಮಾತು ಬೇಡವೆಂದರೂ ಕೇಳುತ್ತಿತ್ತು.

"ನಂಬರ್ ಜಾಸ್ತಿ ತೋರಸ್ಲಿಕ್ಕತ್ತದಲ್ರಿ. ಇನ್ನೊಮ್ಮೆ ಊದ್ರಿ."

ಊದುವ ಸಪ್ಪಳ.

"ಇವತ್ತ ಸೇದೀರೇನ್ರಿ ಸಾಬಣ್ಣನವರ?"

"ಸೇದೀನ್ರಿ. ಅರ್ಧ."

"ಅಯ್ಯ! ಫೋನಿನೊಳಗ ಇಷ್ಟು ದಿನ ತಪ್ಪದ 'ಇಲ್ಲ' ಅಂತನ ಒತ್ತೀರಲ್ಲ?"

"ಒತ್ತಿದಾಕಿ ನಮ್ಮ ಮನ್ಯಾಕಿರಿ. ನಾ ಅದನ್ನ ತೆಗಿಯೂದ ಇಲ್ರಿ, ಫೋನ್ ಮನ್ಯಾಗ ಇಟ್ಟ ಬರ್ತೀನಿ. ಸಂಜೀಕ ಮನಿಗಿ ಹೋದ್ನೆಂದ್ರ ಯಮುನಾಬಾಯಿ ಫೋನ್ ಹಿಡದು ಬಾಗಲ್ದಾಗ ನಿಂತಿರ್ತಾಳ್ರಿ. ಸೇದಿ ಏನು ಅಂತಾಳ. ಇಲ್ಲ ಅಂತೀನಿ. ಬಾಯಿ ಮೂಸಿ ನೋಡ್ತಾಳ. ಆಮ್ಯಾಲ ಒತ್ತತಾಳ."

ಶರ್ವರಿ ನಕ್ಕಳು. ನಗು ತಡೆದುಕೊಂಡು, "ಹಂಗಾದ್ರ ನೀವು ಬಿಟ್ಟದ್ದು ಆಪಿನಿಂದ ಅಲ್ಲನ್ರಿ?"

"ಕಾಲಿಂದ್ರಿ."

"ಕಾಲಿಗೆ ಏನಾಗ್ಯದ?"

"ನರ ಮುಚ್ಚಕೊಂಡು ರಕ್ತ ಕೆಳಗ ಇಳಿಯಂಗಿಲ್ಲಂತ್ರಿ. ಸಿಗರೇಟ್ ಬಿಟ್ರ ಬೆರಳು ಉಳೀತಾವು, ಇಲ್ಲಂದ್ರ ತೆಗೀಬೇಕು ಅಂದಾರ ದವಾಖಾನ್ಯಾಗ. ಗೇಟಿನಿಂದ ಮಿಷಿನ್ ತನಕ ಹೋಗೂದ್ರಾಗ ನಿಂತು ನಿಂತು ಹೋಗ್ತೀನ್ರಿ."

"ಮತ್ತ ಇವತ್ತ ಯಾಕ? ಯಾರರೆ ಕೊಟ್ರೇನು?"

ಬೆಂಚಿನ ಮೇಲೆ ವಿಜಯಕುಮಾರ ಅಂಗಿಯ ಖಾಲಿ ಜೇಬನ್ನು ಮುಟ್ಟಿಕೊಂಡ.

"ಯಾರ್ ಕೊಡ್ತಾರ್ರಿ. ನನ್ನ ಕೈ, ನನ್ನ ಬಾಯಿ."

ಪೆನ್ನು ಕೆಳಗಿಟ್ಟ ಸಪ್ಪಳ. "ನಾ ಇದನ್ನ 'ಸೇದ್ಯಾರ' ಅಂತನ ಬರೀಬೇಕಾಗ್ತದ್ರಿ. ಬ್ಯಾಸರ ಮಾಡ್ಕೋಬ್ಯಾಡ್ರಿ. ನಮ್ಮ ಡಾಕ್ಟರ್ ಕಡೆ ಒಂದು ಚೀಟಿ ಕೊಡ್ತೀನಿ, ಕಾಲು ತೋರಸ್ರಿ," ಎಂದಳು ಶರ್ವರಿ, ಈ ಸಲ ಬಹಳ ಮೆತ್ತಗೆ.

ವಿಜಯಕುಮಾರ ಎದ್ದ. ಎದ್ದು ಬಾಗಿಲಿಗೆ ಹೋಗಿ ನಿಂತ. ಹೇಳಬೇಕಾದ ಮಾತು ಎರಡೇ ಶಬ್ದದ್ದು, ಬಾಯಿಗೂ ಬಂದಿತ್ತು. ಶರ್ವರಿ ಕನ್ನಡಕದ ಮೇಲಿನಿಂದ ನೋಡಿದಳು. ಸ್ವಲ್ಪ ಹೊತ್ತಿನ ಹಿಂದೆ ಶಾಭಾಸ್ ಎಂದ ನಗು ಅವಳ ಮುಖದಲ್ಲಿ ಇನ್ನೂ ಚೂರು ಉಳಿದಿತ್ತು. "ಏನ್ರಿ?"

"ಕುಡಿಯಾಕ ನೀರ ಎಲ್ಲಿ ಅದಾವ್ರಿ?" ಎಂದು ಕೇಳಿದ.

ಸಾಬಣ್ಣ ತಿರುಗಲಿಲ್ಲ. ಅವಳು ಬೆರಳು ಮಾಡಿ ತೋರಿಸಿದಳು. ಅವನು ಹೋಗಿ, ಬಾಯಾರಿಕೆ ಇಲ್ಲದಿದ್ದರೂ, ಎರಡು ಲೋಟ ನೀರು ಕುಡಿದ.

ಇಳಿಯುವಾಗ ಸಾಬಣ್ಣನ ಹಿಂದೆ ಒಂದು ಮೆಟ್ಟಿಲ ಅಂತರದಲ್ಲಿ, ಅವನು ನಿಂತಲ್ಲಿ ನಿಂತು, ಇಳಿದ. ಇಷ್ಟು ದಿನ ಇದೇ ನಿಲ್ಲುವಿಕೆಯನ್ನು ನೂರು ಸಲ ನೋಡಿದ್ದ: ಟಾಕಿಯ ಹತ್ತಿರ ಕಾಗೆ ನೋಡುವುದು, ಗೇಟಿನಲ್ಲಿ ವಾಚ್‌ಮನ್ ಜೊತೆ ಮಾತಿಗೆ ನಿಲ್ಲುವುದು, ಬೂಟಿನಲ್ಲಿ ಕಲ್ಲು ಸಿಕ್ಕಿತೆಂದು ಬಗ್ಗುವುದು. ಎಲ್ಲವನ್ನೂ ನೋಡಿ ಎಲ್ಲವನ್ನೂ ಬೇರೆ ಡಬ್ಬಿಗೆ ಹಾಕಿದ್ದ. ಬೀದಿಗೆ ಬಂದ ಮೇಲೆ ಮುಚ್ಚಿದ ಅಂಗಡಿಯೊಂದರ ಕಟ್ಟೆ ಕಂಡು ಸಾಬಣ್ಣ, "ಹತ್ ನಿಮಿಷ ಕೂಡೂಣು," ಅಂದ. ಕೂತರು. ಮುಂದೆ ಮೆಟ್ರೋದ ಕಂಬಗಳು, ಶೇರ್ ಆಟೋದವರ ಕೂಗು, ಜ್ಯೂಸಿನ ಗಾಡಿಯ ಗಂಟೆ.

"ಕಾಲ ತೋರ್ಸು," ಅಂದ ವಿಜಯಕುಮಾರ.

"ಕೇಳಿದೇನು ಎಲ್ಲಾ?" ಸಾಬಣ್ಣ ನಕ್ಕ. "ಹಲಗಿ ಗ್ವಾಡಿ ನೋಡು ಅವರದು."

"ತೋರ್ಸೋ."

ಸಾಬಣ್ಣ ಬಗ್ಗಿ ಬೂಟು ಕಳಚಿ, ಕಾಲುಚೀಲ ಎಳೆದ. ಕಿರುಬೆರಳೂ ಅದರ ಪಕ್ಕದ್ದೂ ಜಂಬುನೇರಳೆ ಹಣ್ಣಿನ ಸಿಪ್ಪೆಯ ಹಾಗೆ ಕಪ್ಪಗಾಗಿ, ಮುಟ್ಟಿದರೆ ತಣ್ಣಗಿದ್ದವು. ವಿಜಯಕುಮಾರ ಮುಟ್ಟಿದ. ಕೈ ತೆಗೆಯದೆ ಹಿಡಿದುಕೊಂಡೇ ಇದ್ದ. ಪುಸ್ತಕದ ಚೀಲ ಹೊತ್ತ ಹುಡುಗಿಯರಿಬ್ಬರು ನೋಡಿ ಆಚೆ ಸರಿದು ಹೋದರು.

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಗ್ವಾಡಿ ಹಿಂದ ಕರಿಯೂದ ಬಿಡತಿದ್ದಿ."

"ನೀನ ಬರೂದ ಬಿಟ್ಟೆಲ್ಲ!"

"ಅಲ್ಲೀತನಕ ನಡ್ಯಾಕ ಆಗ್ತಿದ್ದಿಲ್ಲೋ ವಿಜ್ಯಾ. ನಾಳೆ ಕಡಿಮಿ ಆದ್ರ ಹೋಗೂಣು, ನಾಡದು ಹೋಗೂಣು ಅಂತ ಕುಂತೆ. ನೀನೂ ಕರೀಲಿಲ್ಲ." ಸಾಬಣ್ಣ ಕಾಲುಚೀಲ ಕೊಡವಿದ. "ಇವತ್ತ ಕರದಿ. ಬಂದೆ."

ವಿಜಯಕುಮಾರ ಸಿದ್ಧ ಮಾಡಿಕೊಂಡ ಉತ್ತರ ಬೇರೆ ಯಾವುದೋ ಪ್ರಶ್ನೆಯದಾಗಿತ್ತು. ಕಾರ್ಖಾನೆಯ ಹಿಂದಿನ ಆ ಉದ್ದ ದಾರಿಯನ್ನು ಈ ಕಾಲಿನಲ್ಲಿ ನಡೆದು ಬಂದವನ ಮುಂದೆ ತಾನು ಹಿಡಿದದ್ದು ಏನನ್ನು, ಆಮೇಲೆ ಹಿಂದಕ್ಕೆ ಎಳೆದುಕೊಂಡದ್ದು ಏನನ್ನು ಎಂದು ಅವನು ಕಣ್ಣು ತೆರೆದೇ ನೋಡುತ್ತಿದ್ದ. ಇದು ಗಂಟಲಿನ ಬಿಗಿಯ ಹಾಗೆ ನೋಡಿದರೆ ಹೋಗುವಂಥದ್ದಾಗಿರಲಿಲ್ಲ. ಇರಲಿ ಎನ್ನಿಸಿತು, ಇರಬೇಕಾದದ್ದೇ.

"ಸುಮ್ನ ಅರ್ಧಕ್ಕ ಸಿಕ್ಕಿಬಿದ್ದೆ," ಎಂದ ಸಾಬಣ್ಣ, ಬೂಟು ಹಾಕಿಕೊಳ್ಳುತ್ತ. "ಅಕಿ ಬಾಯಿ ಮೂಸಿದ್ರ ಏನ್ ಹೇಳ್ಲಿ ಅಂತ ವಿಚಾರ ಮಾಡಾಕತ್ತೀನಿ. ಸೋಂಪು ತಿಂದು ಹೋಗ್ಲ್ಯಾ?"

"ನಾ ಬರ್ತೀನಿ ನಿಮ್ಮ ಮನಿಗಿ."

"ನೀ ಯಾಕ? ಅಹಲ್ಯಾಬಾಯಿ ಹಾದಿ ನೋಡ್ತಿರ್ತಾಳ."

"ನೋಡ್ಲಿ. ಬರ್ತೀನಿ."

ಮರಳುವಾಗ ರೈಲಿನಲ್ಲಿ ಒಬ್ಬ ಹೆಂಗಸು ಸಾಬಣ್ಣನ ನಿಲುವು ನೋಡಿ ಎದ್ದು ಜಾಗ ಬಿಟ್ಟಳು. ಅವನು ಬೇಡವೆನ್ನುತ್ತಿದ್ದ, ವಿಜಯಕುಮಾರ ಹೆಗಲ ಮೇಲೆ ಕೈಯಿಟ್ಟು ಕೂರಿಸಿದ. ಮೂಸಾಪೇಟೆಯಲ್ಲಿ ಲಿಫ್ಟಿನಲ್ಲಿ ಇಳಿದು, ಗಲ್ಲಿಯ ಬಾಯಿಯ ತನಕ ಆಟೋ ಮಾಡಿ, ಅಲ್ಲಿಂದ ನಡೆಯುತ್ತ, ನಿಲ್ಲುತ್ತ ಹೋದರು. ಬೇಸಿಗೆಯ ಬಿಸಿಲು ಇನ್ನೂ ಗೋಡೆಗಳ ಮೇಲಿತ್ತು. ಯಮುನಾಬಾಯಿ ಸಾಬಣ್ಣ ಹೇಳಿದ ಹಾಗೆಯೇ ಬಾಗಿಲಲ್ಲಿ ನಿಂತಿದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ಫೋನು. ವಿಜಯಕುಮಾರನನ್ನು ಕಂಡು ಮುಖ ಅಗಲವಾಯಿತು.

"ಯವ್ವಾ, ವಿಜಯಣ್ಣ ಬಂದಾರ! ಬರ್ರಿ ಬರ್ರಿ. ಭಾಳ ದಿನ ಆತು. ಏನಂದ್ರು ಆಫೀಸಿನ್ಯಾಗ? ಪಾಸಾದ್ರಿಲ್ಲೋ ಇಬ್ಬರೂ?"

ಸಾಬಣ್ಣ ಹೊಸ್ತಿಲಾಚೆ ಕಾಲಿಡುತ್ತ ಏನೋ ಹೇಳಲು ಬಾಯಿ ತೆರೆದ. ಅವನು ಸುಳ್ಳು ಹೇಳುತ್ತಾನೆ, ತನಗಾಗಿ ಇನ್ನೊಮ್ಮೆ ಹೇಳುತ್ತಾನೆ ಎಂದು ವಿಜಯಕುಮಾರನಿಗೆ ಗೊತ್ತಾಯಿತು.

"ವೈನಿ, ಸಾಬಣ್ಣ ಇವತ್ತ ಸೇದ್ಯಾನ," ಅಂದ. "ನಾ ಕೊಟ್ಟೆ. ನಾನ ಕೊಂಡು ತಂದು, ಕರದು ಕೊಟ್ಟೆ. ನಾ ಸೇದಲಿಲ್ಲ."

ಕೊನೆಯ ಮಾತನ್ನು ಯಾಕೆ ಸೇರಿಸಿದೆನೋ ಎನ್ನಿಸಿತು, ಅದು ಹೆಚ್ಚುಗಾರಿಕೆಯಂತೆ ಕೇಳಿತು. ಆದರೆ ತಪ್ಪಿನಲ್ಲಿ ಅದೇ ದೊಡ್ಡದು. ಅದನ್ನು ಬಿಟ್ಟು ಹೇಳಿದ್ದರೆ ಹೇಳಿದಂತಾಗುತ್ತಿರಲಿಲ್ಲ. ಯಮುನಾಬಾಯಿ ಗಂಡನ ಮುಖ ನೋಡಿದಳು, ಆಮೇಲೆ ಅವನ ಕಾಲನ್ನು, ಆಮೇಲೆ ವಿಜಯಕುಮಾರನನ್ನು. ಬೈಯಲಿಲ್ಲ. ಅವಳ ಮುಖದ ಅಗಲ ಮಾತ್ರ ಕಡಿಮೆಯಾಯಿತು. ಒಳಗಿನ ಕೋಣೆಯಲ್ಲಿ ಕುಕ್ಕರು ಒಮ್ಮೆ ಕೂಗಿ ಸುಮ್ಮನಾಯಿತು.

"ನಿಮಗ ಗೊತ್ತಿದ್ದಿಲ್ಲೇನ್ರಿ ಅಣ್ಣಾ, ಇವರ ಕಾಲಿಂದು?"

"ಇಲ್ರಿ."

"ಗೊತ್ತಿದ್ರ ಕೊಡತಿದ್ರೇನು?"

ಪ್ರಶ್ನೆಯಲ್ಲಿ ಕೊಂಕಿರಲಿಲ್ಲ, ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು. ವಿಜಯಕುಮಾರ ಇಲ್ಲ ಎನ್ನಲು ಹೋದ. ಅದೂ ಸುಲಭದ ಮಾತು ಎನ್ನಿಸಿ, "ಗೊತ್ತಿದ್ರ ಮೊದಲ ಮನಿಗಿ ಬರತಿದ್ದೆ ವೈನಿ," ಅಂದ.

ಅವಳು "ಒಳಗ ಬರ್ರಿ, ಚಾ ಇಡ್ತೀನಿ," ಎಂದು ಹೊಸ್ತಿಲು ಬಿಟ್ಟು ಸರಿದಳು. ಫೋನಿನಲ್ಲಿ ತಾನೇ ಏನೋ ಒತ್ತಿದಳು. ಏನು ಒತ್ತಿದಳೆಂದು ಇಬ್ಬರೂ ಕೇಳಲಿಲ್ಲ.

ಸೋಮವಾರ ಮಧ್ಯಾಹ್ನ ಊಟದ ಗಂಟೆಯಾದಾಗ ವಿಜಯಕುಮಾರ ಡಬ್ಬಿ ಹಿಡಿದು ಲೇಥ್ ಶೆಡ್ಡಿಗೆ ಹೋದ. ಸಾಬಣ್ಣ ಕ್ರೇಟಿನ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದ. ಅವನನ್ನು ನೋಡಿ, ಏನೂ ಕೇಳದೆ, ಕಾಲಿನಿಂದ ಇನ್ನೊಂದು ಕ್ರೇಟನ್ನು ಮುಂದಕ್ಕೆ ನೂಕಲು ಹೋದ. ವಿಜಯಕುಮಾರ ಅವಸರದಲ್ಲಿ ಬಗ್ಗಿ ತಾನೇ ಎಳೆದುಕೊಂಡ. ಕೂತ ಮೇಲೆ ಮಾತು ಬರಲಿಲ್ಲ. ಗೋಡೆಯ ಹಿಂದೆ ಹೊಗೆ ಎಳೆಯುವುದಕ್ಕೂ ಬಿಡುವುದಕ್ಕೂ ನಡುವೆ ಮಾತು ತಾನಾಗಿ ಬಂದು ಕೂರುತ್ತಿತ್ತು. ಇಲ್ಲಿ ಅದಕ್ಕೆ ಜಾಗವೇ ತಿಳಿಯಲಿಲ್ಲ. ಬಸ್ಸಿನ ವಿಷಯ ತೆಗೆದ, ಅದು ಎರಡು ಮಾತಿಗೆ ಮುಗಿಯಿತು. ಕಾಲು ಹೇಗಿದೆ ಎಂದ, ಹಂಗೇ ಐತಿ ಅಂದ ಸಾಬಣ್ಣ. ಶರ್ವರಿ ಕೊಟ್ಟ ಚೀಟಿಯ ಡಾಕ್ಟರ ಹತ್ತಿರ ಗುರುವಾರ ಹೋಗುವುದು, ನೀನೂ ಬಾ ಎಂದ ಸಾಬಣ್ಣ, ಬರ್ತೀನಿ ಅಂದ ವಿಜಯಕುಮಾರ. ಜೋಳದ ರೊಟ್ಟಿ ಮುರಿದು ಪುಂಡಿಪಲ್ಯ ಹಚ್ಚಿ ಬಾಯಿಗಿಟ್ಟುಕೊಂಡ ಸಾಬಣ್ಣ ಕಟಕಟನೆ ದವಡೆ ಆಡಿಸುತ್ತ ಅಗಿಯತೊಡಗಿದ. ಆ ಸಪ್ಪಳ ಕೇಳಿ ವಿಜಯಕುಮಾರನಿಗೆ ಮೊದಲು ಕಿರಿಕಿರಿಯಾಯಿತು. ಆಮೇಲೆ ನಗು ಬಂತು. ಇಷ್ಟು ವರ್ಷ ಒಂದೇ ಸಿಗರೇಟನ್ನು ಹಂಚಿಕೊಂಡವನು ಉಣ್ಣುವುದನ್ನು ಅವನು ಒಮ್ಮೆಯೂ ಕೂತು ನೋಡಿರಲಿಲ್ಲ.

"ಹಿಂಗ್ಯಾಕ ನೋಡಾಕತ್ತಿ?" ಅಂದ ಸಾಬಣ್ಣ, ತುಂಬಿದ ಬಾಯಲ್ಲಿ.

"ಉಣ್ಣುವಾಗ ಭಾಳ ಸಪ್ಪಳ ಮಾಡ್ತಿ ನೀ."

"ಮಾಡ್ತೀನಿ," ಎಂದು ಸಾಬಣ್ಣ ರೊಟ್ಟಿಯ ಅರ್ಧ ಮುರಿದು ಅವನ ಡಬ್ಬಿಯ ಮುಚ್ಚಳದ ಮೇಲಿಟ್ಟ. "ಏನ್ ಹೇಳಕೋತ ಕುಂತಿ, ತಿನ್ನು."